ಚಿತ್ರ ಬರೆದು ಭಾಗಗಳನ್ನು ಗುರುತಿಸಿ: ವೈದ್ಯಕೀಯ, ವೈಜ್ಞಾನಿಕ ಚಿತ್ರ ಕಲಿಯಲು ಹೊರಟವರಿಗೆ

ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ 'ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂಬ ಸಾಲು ಕಂಡರೆ ನನಗೆ ಹಬ್ಬ. ಹೃದಯದ ನೀಳಛೇದ ನೋಟ, ನೆಫ್ರಾನ್, ಹೂವಿನ ಭಾಗಗಳು, ಎಲ್ಲವೂ ಕೈಗೆ ಬಾಯಿಪಾಠವಾಗಿದ್ದವು. ಪಿಯುಸಿಯಲ್ಲಿ ಗೆಳತಿಯರ ರೆಕಾರ್ಡ್ ಬುಕ್ಕುಗಳೂ ನನ್ನ ಪೆನ್ಸಿಲ್ಲಿನಿಂದಲೇ ತುಂಬಿದವು. ಹಾಸನದಲ್ಲಿ ಬಿಎಸ್ಸಿಗೆ ಸೇರಿದ ಮೇಲೆ ಬಾಟನಿ ಮೇಡಂ ಒಂದು ದಿನ, "ನೀನು ಸಕಲೇಶಪುರದ ಕಡೆಯವಳಲ್ವಾ? ನಿಮ್ಮ ತೋಟದಿಂದ ಒಂದು ಕಾಫಿ ರೆಂಬೆ ತಗೊಂಡು ಬಾ. ಪುಸ್ತಕ ಮುಚ್ಚಿಟ್ಟು, ಅದನ್ನ ನೋಡ್ಕೊಂಡು ಬರಿ" ಅಂದರು.

ಬರೆದೆ. ಎಲೆಯ ಅಲೆಅಲೆ ಅಂಚು, ನರಗಳು, ಹಸಿರು ಕಾಯಿಯ ಗೊಂಚಲು, ಎಲ್ಲ ಚೆನ್ನಾಗಿಯೇ ಬಂದಿತ್ತು. ಮೇಡಂ ಎರಡು ಎಲೆ ಎದುರುಬದುರಾಗಿ ಹುಟ್ಟುವ ಗೆಣ್ಣಿನ ಮೇಲೆ ಬೆರಳಿಟ್ಟು, "ಇಲ್ಲಿ ಏನಿದೆ?" ಅಂತ ಕೇಳಿದರು. ನನ್ನ ಚಿತ್ರದಲ್ಲಿ ಅಲ್ಲಿ ಏನೂ ಇರಲಿಲ್ಲ. ರೆಂಬೆಯಲ್ಲಿ ಇತ್ತು. ಎರಡು ತೊಟ್ಟುಗಳ ನಡುವೆ, ಕಾಂಡಕ್ಕೆ ಒತ್ತಿಕೊಂಡು ಕೂತಿದ್ದ ಚೂಪು ತುದಿಯ ಪುಟ್ಟ ತ್ರಿಕೋನ. ಅದರ ಹೆಸರು ಸ್ಟಿಪ್ಯೂಲ್. ಕಾಫಿ, ಕೇಪಳ ಸೇರುವ ರೂಬಿಯೇಸಿ ಕುಟುಂಬವನ್ನು ಗುರುತು ಹಿಡಿಯುವವರು ಮೊದಲು ನೋಡುವ ಜಾಗ ಅದು. ಹುಟ್ಟಿದಾಗಿನಿಂದ ಕಾಫಿ ಗಿಡದ ನಡುವೆ ಓಡಾಡಿದ್ದ ನನಗೆ ಅದು ಒಮ್ಮೆಯೂ ಕಂಡಿರಲಿಲ್ಲ.

ಅಂದಿನಿಂದ ಮೂರು ವರ್ಷ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಊರುಗಳಲ್ಲಿ ಇದಕ್ಕೆಂದೇ ತರಗತಿ ಇಲ್ಲ, ಹಾಗಂತ ಕಲಿಯಲು ಸಾಧ್ಯವಿಲ್ಲ ಎಂದಲ್ಲ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬಗೆಯ ಚಿತ್ರದಲ್ಲಿ ಎಳೆಯುವ ಒಂದೊಂದು ಗೆರೆಯೂ ಒಂದು ಹೇಳಿಕೆ. 'ಇಲ್ಲಿ ಇದು ಇದೆ, ಹೀಗೆ ಇದೆ' ಎಂದು ನೀವು ಸಾಕ್ಷಿ ನುಡಿಯುತ್ತಿದ್ದೀರಿ. ಯಾರಾದರೂ ಗೆರೆಯ ಮೇಲೆ ಬೆರಳಿಟ್ಟು ಕೇಳಿದರೆ ಉತ್ತರ ಇರಬೇಕು.

ಮೊದಲ ಹೆಜ್ಜೆ: ಕಾಲು ಗಂಟೆ ಪೆನ್ಸಿಲ್ ಮುಟ್ಟಬೇಡಿ

ವಸ್ತುವನ್ನು ಎದುರಿಗಿಟ್ಟುಕೊಂಡು ಬರೀ ನೋಡಿ. ನೋಡಿದ್ದನ್ನು ಮಾತಿನಲ್ಲಿ ಪಟ್ಟಿ ಮಾಡಿ. ಎಲೆ ಎದುರುಬದುರೋ, ಒಂದಾದ ಮೇಲೊಂದೋ? ಅಂಚು ನಯವೋ, ಗರಗಸವೋ? ಹಿಂಬದಿಯಲ್ಲಿ ಏನಿದೆ? ಕಾಫಿ ಎಲೆಯನ್ನು ತಿರುವಿ, ನಡುನರದಿಂದ ಪಕ್ಕದ ನರ ಕವಲೊಡೆಯುವ ಮೂಲೆಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಕೈ ಲೆನ್ಸಿನಲ್ಲಿ ನೋಡಿ. ಅಲ್ಲಿ ಸೂಜಿಮೊನೆಯಷ್ಟು ಗುಳಿ ಕಾಣುತ್ತದೆ. ಡೊಮೇಷಿಯಾ ಎನ್ನುವ ಈ ಗುಳಿಗಳಲ್ಲಿ ಪುಟ್ಟ ನುಸಿಗಳು ಮನೆ ಮಾಡಿಕೊಂಡಿರುತ್ತವೆ. ಬರಿಗಣ್ಣಿಗೆ ಅದು ಎಲೆಯ ಮೇಲಿನ ಒಂದು ಗಂಟಿನಂತೆ ಕಂಡೀತು, ಅಷ್ಟೇ.

ಈ ಕಾಲು ಗಂಟೆಯ ಲೆಕ್ಕ ನನ್ನದಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಸರ್ಜನ್ ಆಗಿದ್ದ ಹ್ಯೂ ಕ್ಲೆಗಾರ್ನ್, ದಿನಕ್ಕೊಂದು ಗಿಡವನ್ನು ಕಾಲು ಗಂಟೆ ಅಭ್ಯಾಸ ಮಾಡು ಎಂಬ ಸಲಹೆಯನ್ನು ಪಾಲಿಸುತ್ತಿದ್ದರು. ಆ ಗಿಡಗಳ ಚಿತ್ರ ಬರೆಯಲು ಒಬ್ಬ ಮರಾಠಿ ಕಲಾವಿದನನ್ನು ಇಟ್ಟುಕೊಂಡಿದ್ದರು. ನಮ್ಮ ಮಲೆನಾಡಿನದೇ ಗಿಡಗಳನ್ನು ಅಷ್ಟು ಶ್ರದ್ಧೆಯಿಂದ ಬರೆದ ಆ ಕೈಗಳ ಬಗ್ಗೆ ಓದಿದಾಗ, ಈ ಕೆಲಸ ಎಲ್ಲೋ ಹೊರದೇಶದಿಂದ ಬಂದ ಹೊಸ ಹವ್ಯಾಸ ಅಲ್ಲ ಅನ್ನಿಸಿ ನನಗೆ ಧೈರ್ಯ ಬಂತು.

ಗಿಡದ ಹೆಸರು ಖಚಿತಪಡಿಸಿಕೊಳ್ಳಲು ಹಾಸನ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಿಸಿಲ್ ಸಲ್ಡಾನಾ ಮತ್ತು ಅಮೆರಿಕದ ಡ್ಯಾನ್ ನಿಕೋಲ್ಸನ್ ಸೇರಿ ನಮ್ಮ ಜಿಲ್ಲೆಯ ಸಸ್ಯಗಳ ಬಗ್ಗೆಯೇ ಒಂದು ದೊಡ್ಡ ಗ್ರಂಥ ಸಿದ್ಧಪಡಿಸಿದ್ದಾರೆ. 1976ರಲ್ಲಿ ಅಚ್ಚಾಗಿದೆ. ಕಾಲೇಜು ಲೈಬ್ರರಿಯಲ್ಲಿ ಕೇಳಿ. ಹೆಸರು ತಪ್ಪಾದ ಚಿತ್ರ ಎಷ್ಟು ಅಂದವಾಗಿದ್ದರೂ ಕೆಲಸಕ್ಕೆ ಬಾರದು.

ಎರಡನೆಯದು: ಜಾಮಿಟ್ರಿ ಬಾಕ್ಸಿನ ಡಿವೈಡರ್ ಹುಡುಕಿ ತೆಗೆಯಿರಿ

ಸಾಮಾನಿಗೆ ಹೆಚ್ಚು ದುಡ್ಡು ಸುರಿಯಬೇಡಿ. 2ಎಚ್ ಮತ್ತು ಎಚ್‌ಬಿ ಪೆನ್ಸಿಲ್, 0.1 ಮತ್ತು 0.3 ಮಿಲಿಮೀಟರಿನ ಕಪ್ಪು ಪೆನ್ನು, ಟ್ರೇಸಿಂಗ್ ಪೇಪರ್, ನುಣುಪಾದ ಐವರಿ ಶೀಟ್, ಕೈ ಲೆನ್ಸ್, ಹೊಸ ಬ್ಲೇಡು ಸಾಕು. ಒರಟು ಡ್ರಾಯಿಂಗ್ ಹಾಳೆಯಲ್ಲಿ ಶಾಯಿ ಹರಡುತ್ತದೆ, ತರಬೇಡಿ. ಡಿಜಿಟಲ್ ಟ್ಯಾಬ್ಲೆಟ್ ಆಮೇಲೆ ನೋಡೋಣ.

ಡಿವೈಡರ್ ಮಾತ್ರ ಬಿಡಬೇಡಿ. ಶಾಲೆಯಲ್ಲಿ ಬೆಂಚು ಕೊರೆಯಲು ಬಳಕೆಯಾಗುವ ಈ ಎರಡು ಮುಳ್ಳಿನ ಸಾಧನ ಇಲ್ಲಿ ನಿಮ್ಮ ಬಲಗೈ. ಎಲೆಯ ಉದ್ದವನ್ನು ಡಿವೈಡರಿನಲ್ಲಿ ಹಿಡಿದು ಹಾಳೆಯ ಮೇಲೆ ಎರಡು ಸಲ ಇಟ್ಟರೆ ಎರಡು ಪಟ್ಟಿನ ಅಳತೆ ಸಿಕ್ಕಿತು. ಅಗಲ, ತೊಟ್ಟಿನ ಉದ್ದ, ನರದಿಂದ ನರಕ್ಕೆ ಇರುವ ಅಂತರ, ಎಲ್ಲವನ್ನೂ ಹೀಗೇ ಇಳಿಸಿ. ಮೊದಲು ಚುಕ್ಕೆಗಳು, ಆಮೇಲೆ ಗೆರೆ. ಕಣ್ಣಂದಾಜಿಗೆ ಬರೆದರೆ ನಮಗೆ ಇಷ್ಟವಾದ ಭಾಗ ನಮಗೇ ಗೊತ್ತಿಲ್ಲದೆ ದೊಡ್ಡದಾಗುತ್ತದೆ. ನನ್ನ ಹೂವುಗಳೆಲ್ಲ ಮೊದಲು ಎಲೆಗಿಂತ ದಪ್ಪವಾಗಿ ಬರುತ್ತಿದ್ದವು.

ಅಚ್ಚಾಗುವ ಗಾತ್ರಕ್ಕಿಂತ ಒಂದೂವರೆ ಅಥವಾ ಎರಡು ಪಟ್ಟು ದೊಡ್ಡದಾಗಿ ಬರೆಯಿರಿ. ಚಿಕ್ಕದು ಮಾಡಿದಾಗ ಕೈಯ ನಡುಕ, ಸಣ್ಣ ಏರುಪೇರುಗಳು ಅಡಗಿ ಚಿತ್ರ ಚೊಕ್ಕಟವಾಗುತ್ತದೆ. ಆದರೆ ಗೆರೆಯೂ ತೆಳುವಾಗುತ್ತದೆ ಎಂಬುದು ನೆನಪಿರಲಿ. 0.3ರ ಗೆರೆ ಅರ್ಧಕ್ಕಿಳಿದರೆ 0.15. 0.1ರ ಗೆರೆ ಅಚ್ಚಿನಲ್ಲಿ ಮಾಯವೇ ಆಗಬಹುದು.

ಇನ್ನೊಂದು ಕಟ್ಟುನಿಟ್ಟು. 'ಹತ್ತು ಪಟ್ಟು' ಎಂದು ಬರೆದು ಬಿಡಬೇಡಿ. ಪುಟದ ಗಾತ್ರ ಬದಲಾದ ಕೂಡಲೇ ಅದು ಸುಳ್ಳಾಗುತ್ತದೆ. ಚಿತ್ರದ ಪಕ್ಕದಲ್ಲೇ ಒಂದು ಗೆರೆ ಎಳೆದು '5 ಮಿ.ಮೀ.' ಎಂದು ಗುರುತಿಸಿ. ಚಿತ್ರ ಹಿಗ್ಗಿದರೆ, ಕುಗ್ಗಿದರೆ ಆ ಗೆರೆಯೂ ಜೊತೆಗೇ ಹೋಗುತ್ತದೆ.

ಮೂರನೆಯದು: ಬೆಳಕು ಎಡಗಡೆ ಮೇಲಿಂದ

ವೈಜ್ಞಾನಿಕ ಚಿತ್ರಗಳಲ್ಲಿ ಬೆಳಕು ಎಡಬದಿಯ ಮೇಲಿಂದ ಬೀಳುತ್ತದೆ ಎಂಬುದು ರೂಢಿ. ಹತ್ತು ಜನ ಬರೆದ ಹತ್ತು ಬೀಜಗಳನ್ನು ಒಂದೇ ಪುಟದಲ್ಲಿ ಇಟ್ಟಾಗ ಯಾವುದು ಉಬ್ಬು, ಯಾವುದು ತಗ್ಗು ಎಂಬ ಗೊಂದಲ ಆಗಬಾರದಲ್ಲ, ಅದಕ್ಕೆ. ಬೆಳಕು ತಿರುಗಿದರೆ ಗುಳಿ ಗುಬುಟಾಗಿ ಕಾಣುತ್ತದೆ.

ಇದು ಅರ್ಥವಾಗಬೇಕಾದರೆ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಒಂದೇ ಆನೆಸಾಲನ್ನು ಬೆಳಿಗ್ಗೆ ಓರೆ ಬಿಸಿಲಿನಲ್ಲಿ ನೋಡಿ, ನಡುಮಧ್ಯಾಹ್ನ ಮತ್ತೆ ಅದೇ ಜಾಗದಲ್ಲಿ ನಿಂತು ನೋಡಿ. ಬೆಳಿಗ್ಗೆ ಸೊಂಡಿಲಿನ ಮಡಿಕೆ, ಗಂಟೆಯ ಸರ ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಮಧ್ಯಾಹ್ನ ಅದೇ ಬಳಪದ ಕಲ್ಲು ಚಪ್ಪಟೆಯಾದಂತಿರುತ್ತದೆ. ನಾನು ಎರಡು ಭಾನುವಾರ ಅಲ್ಲಿ ಕೂತು ಬರೆದೆ. ನೆರಳು ಹಾಕುವುದೆಂದರೆ ಕಪ್ಪು ತುಂಬುವುದಲ್ಲ, ಮೇಲ್ಮೈ ಎತ್ತ ತಿರುಗಿದೆ ಎಂದು ಹೇಳುವುದು ಎಂಬುದು ಅಲ್ಲಿ ತಲೆಗೆ ಹತ್ತಿತು. ಮನೆಯಲ್ಲಾದರೆ ಒಂದು ಟೇಬಲ್ ಲ್ಯಾಂಪನ್ನು ಎಡಗಡೆ ಇಟ್ಟರಾಯಿತು.

ಶಾಯಿಯಲ್ಲಿ ನೆರಳು ಬರುವುದು ಚುಕ್ಕೆಗಳಿಂದ. ಪೆನ್ನನ್ನು ನೆಟ್ಟಗೆ ಹಿಡಿದು ಇಟ್ಟು ಎತ್ತಿ. ಅವಸರ ಮಾಡಿದರೆ ಚುಕ್ಕೆಗೆ ಬಾಲ ಬೆಳೆಯುತ್ತದೆ. ಚುಕ್ಕೆಯ ಗಾತ್ರ ಒಂದೇ ಇರಲಿ, ಚುಕ್ಕೆಗಳ ದಟ್ಟಣೆ ಮಾತ್ರ ಬದಲಾಗಲಿ. ಅಡಿಕೆಯನ್ನು ಅಡ್ಡ ಕತ್ತರಿಸಿ ಅಭ್ಯಾಸ ಮಾಡಿ. ಬಿಳಿಯ ನಡುವೆ ಕಂದು ಗೆರೆಗಳು ಹೊರಗಿನಿಂದ ಒಳಕ್ಕೆ ನುಗ್ಗಿದಂತಿರುವ ಆ ವಿನ್ಯಾಸ ಚುಕ್ಕೆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನನ್ನ ಮೊದಲ ಅಡಿಕೆಗೆ ಒಂದು ಇಡೀ ರಜಾದಿನ ಹಿಡಿಯಿತು.

ನಾಲ್ಕನೆಯದು: ಸೀಳಿ ನೋಡಿ

ಕಾಫಿ ಹಣ್ಣಿನಿಂದ ಶುರು ಮಾಡಿ. ಹೊಸ ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿದರೆ ಎರಡು ಬೀಜಗಳು ಚಪ್ಪಟೆ ಬೆನ್ನು ತಾಗಿಸಿಕೊಂಡು ಕೂತಿರುತ್ತವೆ. ಹೊರಗಿನಿಂದ ಒಳಕ್ಕೆ ಸಿಪ್ಪೆ, ತಿರುಳು, ಲೋಳೆ, ಪಾರ್ಚ್‌ಮೆಂಟ್ ಎನ್ನುವ ಗಟ್ಟಿ ಹೊದಿಕೆ, ಬೀಜಕ್ಕೆ ಅಂಟಿದ ಬೆಳ್ಳಿಪೊರೆ. ಬೀಜದ ನಡುವಿನ ಸೀಳು ಬರೀ ಮೇಲಿನ ಗೀರಲ್ಲ, ಬೀಜವೇ ಒಳಕ್ಕೆ ಮಡಚಿಕೊಂಡಿರುತ್ತದೆ. ಅಡ್ಡ ಸೀಳಿದಾಗ ಮಾತ್ರ ಇದು ಕಾಣುವುದು. ಕಾಯಿಕೊರಕ ಹುಳು ಬಿದ್ದ ಕಾಯಿ ಸಿಕ್ಕರೆ ಬಿಡಬೇಡಿ. ತುದಿಯ ಹೊಕ್ಕುಳಿನ ಹತ್ತಿರ ಗುಂಡುಸೂಜಿ ಚುಚ್ಚಿದಂಥ ತೂತು ಇರುತ್ತದೆ. ಅದನ್ನೇ ಅನುಸರಿಸಿ ಉದ್ದಕ್ಕೆ ಸೀಳಿದರೆ ಹುಳು ಹೋದ ದಾರಿ ಪೂರ್ತಿ ಕಾಣುತ್ತದೆ. ಇಂಥ ಚಿತ್ರ ಬೆಳೆಗಾರರಿಗೆ ನಿಜವಾಗಿ ಬೇಕು. ಬಾಳೆಹೊನ್ನೂರಿನ ಹತ್ತಿರ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರದಂಥ ಜಾಗದಲ್ಲಿ ನಡೆಯುವ ಕೆಲಸ ತೋಟದವರೆಗೆ ಬರಬೇಕಾದರೆ ನಡುವೆ ಒಂದು ಒಳ್ಳೆಯ ಚಿತ್ರ ಇರಬೇಕು.

ಆಮೇಲೆ ಹೃದಯ. ನಾನು ಪರೀಕ್ಷೆಗಳಲ್ಲಿ ಪೂರ್ತಿ ಅಂಕ ತೆಗೆದ ಚಿತ್ರವನ್ನು ನಿಜವಾದ ಹೃದಯದ ಜೊತೆ ಹೋಲಿಸಿ ನೋಡಬೇಕು ಅನ್ನಿಸಿತ್ತು. ಮಟನ್ ಅಂಗಡಿಗೆ ಹೋಗಿ, "ಭಾಯ್, ಒಂದು ಕುರಿ ಗುಂಡಿಗೆ ಬೇಕು, ಸೀಳಬೇಡಿ, ಮೇಲಿನ ನಾಳ ಬಿಟ್ಟು ಕೊಡಿ" ಅಂದೆ. "ಸಾರಿಗೆ ನಾಳ ಯಾಕಮ್ಮ?" ಅಂದರು. ಓದುವುದಕ್ಕೆ ಅಂದ ಮೇಲೆ ಮರುದಿನ ಬೆಳಿಗ್ಗೆ ಬೇಗ ಬರಲು ಹೇಳಿ, ಎರಡು ಗುಂಡಿಗೆ ತೆಗೆದಿಟ್ಟಿದ್ದರು. ನೀವೂ ಹಿಂದಿನ ದಿನವೇ ಹೇಳಿಡಿ. ಇಲ್ಲದಿದ್ದರೆ ಮೇಲ್ಭಾಗ ಕತ್ತರಿಸಿದ, ಸೀಳಿದ ಹೃದಯವೇ ಸಿಗುವುದು. ಅಮ್ಮ ಅಡುಗೆಮನೆಯೊಳಗೆ ತರಬೇಡ ಅಂದಿದ್ದರಿಂದ ಹಿತ್ತಲಿನ ಒಗೆಯುವ ಕಲ್ಲೇ ನನ್ನ ಲ್ಯಾಬ್ ಆಯಿತು.

ಕೈಗವಸು ಹಾಕಿಕೊಳ್ಳಿ, ನೀರಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನೆಲ್ಲ ತೊಳೆಯಿರಿ. ಸೀಳುವ ಮೊದಲು ಹೊರಗಿನ ಚಿತ್ರ ಬರೆಯಿರಿ. ಬೆರಳಿನಿಂದ ಒತ್ತಿ ನೋಡಿ. ಒಂದು ಬದಿ ಗಟ್ಟಿ, ಇನ್ನೊಂದು ಬದಿ ಮೆತ್ತಗೆ. ಗಟ್ಟಿ ಇರುವುದು ಎಡ. ಮುಂಭಾಗ ಮೇಲೆ ಬರುವಂತೆ ಇಟ್ಟು, ತುದಿಯಿಂದ ಮೇಲಕ್ಕೆ, ಮುಂದಿನ ಅರ್ಧ ಹಿಂದಿನ ಅರ್ಧ ಬೇರೆಯಾಗುವಂತೆ ಸೀಳಿ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಇಡೀ ಮೈಗೆ ರಕ್ತ ತಳ್ಳುವುದು ಅದೇ ತಾನೇ, ಬಲದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ನಾನು ಅದುವರೆಗೆ ಬರೆದ ಹೃದಯಗಳಲ್ಲೆಲ್ಲ ಎರಡೂ ಗೋಡೆ ಹೆಚ್ಚುಕಡಿಮೆ ಒಂದೇ ದಪ್ಪ ಇದ್ದವು! ಕವಾಟದ ಅಂಚಿನಿಂದ ಬಿಳಿ ದಾರದಂಥ ಎಳೆಗಳು ಇಳಿದು ಗೋಡೆಯ ಸ್ನಾಯುವಿನ ಮೊಳಕೆಗಳಿಗೆ ಕಟ್ಟಿಕೊಂಡಿರುತ್ತವೆ. ಚಿಮುಟದಿಂದ ಎಳೆದು ನೋಡಿ, ಹರಿಯುವುದಿಲ್ಲ. ಕವಾಟ ಮೇಲಕ್ಕೆ ಮಗುಚದಂತೆ ಹಿಡಿಯುವುದು ಇವೇ. ಇದನ್ನು ಕೈಯಾರೆ ಎಳೆದು ನೋಡಿದ ಮೇಲೆ ಆ ಎಳೆಗಳನ್ನು ಸಡಿಲವಾಗಿ ಬರೆಯಲು ಕೈಯೇ ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಮಣ್ಣಿನಲ್ಲಿ ಆಳಕ್ಕೆ ಹೂಳಿ, ಕೈ, ಕಲ್ಲು ಎರಡನ್ನೂ ಸೋಪಿನಿಂದ ತೊಳೆಯಿರಿ. ಮಾಂಸ ಮುಟ್ಟದ ಮನೆಯವರು ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಗಾಜಿನ ಜಾಡಿಯ ಮಾದರಿಗಳನ್ನು ನೋಡಿ ಬರೆಯಬಹುದು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1911ರಲ್ಲಿ ವೈದ್ಯಕೀಯ ಚಿತ್ರಕಲೆಗೆಂದೇ ವಿಭಾಗ ತೆರೆದ ಮ್ಯಾಕ್ಸ್ ಬ್ರೋಡೆಲ್ ವೈದ್ಯರಲ್ಲ, ಚಿತ್ರಗಾರ. ಚಿತ್ರ ಬರೆಯುವ ಮೊದಲು ಅಂಗವನ್ನು ತಾವೇ ಬಿಡಿಸಿ ಅರ್ಥಮಾಡಿಕೊಳ್ಳುವುದು ಅವರ ಪದ್ಧತಿ. ಹಾಗೆ ಮೂತ್ರಪಿಂಡದ ರಕ್ತನಾಳಗಳ ಹರವನ್ನು ಅಭ್ಯಾಸ ಮಾಡುವಾಗ, ಮುಂದಿನ ಮತ್ತು ಹಿಂದಿನ ಕವಲುಗಳು ಕೂಡುವಲ್ಲಿ ರಕ್ತನಾಳ ಕಡಿಮೆ ಇರುವ ಒಂದು ಸೀಮೆಯನ್ನು ತೋರಿಸಿಕೊಟ್ಟರು. ರಕ್ತ ಹೆಚ್ಚು ಹೋಗದಂತೆ ಎಲ್ಲಿ ಕೊಯ್ಯಬೇಕು ಎಂದು ಶಸ್ತ್ರಚಿಕಿತ್ಸಕರಿಗೆ ದಾರಿ ತೋರುವ ಅದಕ್ಕೆ ಇವತ್ತಿಗೂ ಬ್ರೋಡೆಲ್ ಗೆರೆ ಎಂದೇ ಹೆಸರು. ನನಗೆ ಬೇಸರವಾದಾಗಲೆಲ್ಲ ನೆನೆಯುವ ಸಂಗತಿ ಇದು.

ಐದನೆಯದು: ಎಡ ಯಾರದು, ಬಲ ಯಾರದು

ಮನುಷ್ಯನ ದೇಹದ ಚಿತ್ರದಲ್ಲಿ ಎಡಬಲ ನೋಡುವವರದ್ದಲ್ಲ, ಚಿತ್ರದಲ್ಲಿ ಇರುವವರದ್ದು. ಅವರು ನಮ್ಮ ಎದುರಿಗೆ ಅಂಗೈ ಮುಂದೆ ಮಾಡಿ ನಿಂತಿದ್ದಾರೆ ಎಂದುಕೊಳ್ಳಿ. ಅವರ ಬಲಗಡೆಯ ಯಕೃತ್ತು ಹಾಳೆಯಲ್ಲಿ ನಮ್ಮ ಎಡಕ್ಕೆ ಬರುತ್ತದೆ.

ಇದು ಗೊತ್ತಿದ್ದೂ ನಾನು ಒಮ್ಮೆ ಎಡವಿದೆ. ಒಂದು ಆರೋಗ್ಯ ಶಿಬಿರಕ್ಕೆ ಹೃದಯದ ಪೋಸ್ಟರ್ ಮಾಡುವಾಗ ಅಕ್ಷರಗಳಿಗೆ ಜಾಗ ಸಾಲದೆ, ಕಂಪ್ಯೂಟರಿನಲ್ಲಿ ಚಿತ್ರವನ್ನು ಮಗ್ಗುಲು ಬದಲಿಸಿಬಿಟ್ಟೆ. ನೋಡಲು ಚೆನ್ನಾಗಿಯೇ ಇತ್ತು. ಅಚ್ಚಾಗುವ ಹಿಂದಿನ ಸಂಜೆ ಒಬ್ಬ ನರ್ಸ್ ಅಕ್ಕ, "ಈ ಹೃದಯ ಬಲಕ್ಕೆ ವಾಲಿದೆಯಲ್ಲಮ್ಮ" ಅಂದರು. ಅಂಗಗಳು ಕನ್ನಡಿಯ ಬಿಂಬದಂತೆ ಅದಲುಬದಲಾಗಿ ಹುಟ್ಟುವವರು ಬಹಳ ಅಪರೂಪಕ್ಕೆ ಇರುತ್ತಾರೆ. ನಾನು ಎಲ್ಲರ ಹೃದಯವನ್ನೂ ಹಾಗೆ ಮಾಡಹೊರಟಿದ್ದೆ. ರಾತ್ರಿಯಿಡೀ ಕೂತು ಮತ್ತೆ ಬರೆದೆ. ಜೀವಿಯ ಚಿತ್ರವನ್ನು ಯಾವತ್ತೂ ಮಗ್ಗುಲು ಬದಲಿಸಬೇಡಿ. ಬಸವನಹುಳುವಿನ ಚಿಪ್ಪಿನ ಸುತ್ತು, ಅವರೆ ಬಳ್ಳಿ ಹಬ್ಬುವ ದಿಕ್ಕು ಕೂಡ ಇದರಿಂದ ಸುಳ್ಳಾಗುತ್ತದೆ.

ಬಣ್ಣದಲ್ಲಿ ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ, ದುಗ್ಧನಾಳ ಹಸಿರು. ಹೃದಯ ಮತ್ತು ಶ್ವಾಸಕೋಶದ ನಡುವೆ ಮಾತ್ರ ಜೋಪಾನ. ಅಲ್ಲಿ ಅಪಧಮನಿ ಒಯ್ಯುವುದು ಆಮ್ಲಜನಕ ಕಡಿಮೆ ಇರುವ ರಕ್ತವನ್ನು, ಹಾಗಾಗಿ ಅದು ನೀಲಿ.

ವೈದ್ಯಕೀಯ ಕಾಲೇಜಿನ ಅನಾಟಮಿ ಮ್ಯೂಸಿಯಂ ನೋಡಬೇಕೆಂದಿದ್ದರೆ ನಿಮ್ಮ ಕಾಲೇಜಿನ ಮೂಲಕ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆಯಿರಿ. ಫೋಟೊ ತೆಗೆಯಬೇಡಿ, ಕೇಳಲೂ ಬೇಡಿ. ಅಲ್ಲಿರುವುದು ಯಾರೋ ಒಬ್ಬರ ತಂದೆಯ, ತಾಯಿಯ ದೇಹ. ಮನೆಯಲ್ಲಿ ನೋಡಲು ಗ್ರೇಸ್ ಅನಾಟಮಿ ಎಂಬ ಹೆಸರಾಂತ ಅಂಗರಚನಾ ಪುಸ್ತಕದ 1918ರ ಅಮೆರಿಕನ್ ಆವೃತ್ತಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಹಕ್ಕುಸ್ವಾಮ್ಯ ಅಲ್ಲಿ ಮುಗಿದಿದೆ. ಈಗಿನ ಅಟ್ಲಾಸುಗಳನ್ನು ನೋಡಿ ಕಲಿಯಿರಿ, ನಕಲು ಇಳಿಸಿ ನಿಮ್ಮದೆಂದು ಕೊಡಬೇಡಿ.

ಆರನೆಯದು: ಯಾರು ನೋಡುತ್ತಾರೆ ಅಂತ ಕೇಳಿಕೊಳ್ಳಿ

ನಮ್ಮ ಚಿಕ್ಕಮ್ಮ ಕೊಪ್ಪದ ಕಡೆ ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆ ಹರಡುವ ಉಣುಗಿನ ಚಿತ್ರ ಬೇಕು ಅಂದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಕಾಯಿಲೆ ಚಿಕ್ಕಮಗಳೂರಿನ ಮಲೆನಾಡು ತಾಲ್ಲೂಕುಗಳಲ್ಲೂ ಇದೆ. ನಾನು ಎಂಟು ಕಾಲುಗಳನ್ನು, ಮೈಮೇಲಿನ ಒಂದೊಂದು ಗುಳಿಯನ್ನು ಚುಕ್ಕೆಯಲ್ಲಿ ತುಂಬಿ, ಅಂಗೈಯಷ್ಟು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಒಂದು ಮಿಲಿಮೀಟರಿನ ಅಳತೆಗೆರೆಯನ್ನೂ ಹಾಕಿದೆ. ತರಗು ಗುಡಿಸಲು ದಿನಾ ಕಾಡಿಗೆ ಹೋಗುವ ಒಬ್ಬ ಅಜ್ಜಿ ಬಹಳ ಹೊತ್ತು ನೋಡಿ, "ಇಷ್ಟು ದೊಡ್ಡದಿದ್ರೆ ನಂಗೆ ಕಾಣ್ತಿರ್ಲಿಲ್ವನೇ ಮಗ?" ಅಂದರು.

ಅಳತೆಗೆರೆ ಓದಲು ಬರುವುದು ಶಾಲೆ ಕಲಿತವರಿಗೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಮರಿ ಹಂತದ ಉಣುಗು, ಅದು ರಾಗಿಕಾಳಿನಷ್ಟು. ಹೊಸ ಚಿತ್ರದಲ್ಲಿ ಮೊದಲು ಅಂಗೈ, ಅಂಗೈ ಮೇಲೆ ನಾಲ್ಕು ರಾಗಿಕಾಳು, ಅವುಗಳ ನಡುವೆ ನಿಜ ಗಾತ್ರದ ಒಂದು ಉಣುಗು. ದೊಡ್ಡದು ಮಾಡಿದ ಚಿತ್ರ ಪಕ್ಕದಲ್ಲಿ, ಒಂದು ಭೂತಗನ್ನಡಿಯ ವೃತ್ತದೊಳಗೆ. ಅಜ್ಜಿ ಅದನ್ನು ನೋಡಿದ ಕೂಡಲೇ ಸೀರೆಯ ನೆರಿಗೆ ಹಿಡಿದು ತಡಕಿ ನೋಡಿಕೊಂಡರು. ಚಿಕ್ಕಮ್ಮ ಆ ಎರಡನೆಯದನ್ನೇ ಇಟ್ಟುಕೊಂಡರು.

ಹೆಸರು ಬರೆಯುವಾಗಲೂ ಇದೇ ಯೋಚನೆ ಇರಲಿ. ವಿದ್ಯಾರ್ಥಿಗೆ 'ಮಹಾಪಧಮನಿ', ಡಾಕ್ಟರಿಗೆ 'ಅಯೋರ್ಟಾ', ರೋಗಿಗೆ 'ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ'. ಮೂರೂ ಸರಿ, ಜಾಗ ಬೇರೆಬೇರೆ. ಹೆಸರಿನಿಂದ ಹೊರಡುವ ಗೆರೆ ಆ ಭಾಗದ ಒಳಗೇ ಮುಟ್ಟಬೇಕು, ಹತ್ತಿರಕ್ಕೆ ಬಂದು ನಿಲ್ಲಬಾರದು. ಒಂದು ಗೆರೆ ಇನ್ನೊಂದನ್ನು ದಾಟಬಾರದು. 1858ರಲ್ಲಿ ಗ್ರೇಸ್ ಅನಾಟಮಿಗೆ ಚಿತ್ರ ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಹೆಸರುಗಳನ್ನು ಸ್ನಾಯು, ಮೂಳೆಗಳ ಮೇಲೆಯೇ ಬರೆದು ಓದುವವರ ಕಣ್ಣಿಗೆ ಅಲೆದಾಟ ತಪ್ಪಿಸಿದರು. ಅದೇ ವರ್ಷ ಅವರು ಮುಂಬೈಗೆ ವೈದ್ಯರಾಗಿ ಬಂದರು. ಕನ್ನಡದ ಪದಗಳು ಉದ್ದ, ಹಾಗಾಗಿ ನಮಗೆ ಎಲ್ಲ ಕಡೆ ಇದು ಆಗುವುದಿಲ್ಲ. ಹಾಳೆಯ ಬಲಬದಿಯಲ್ಲಿ ಮೂರನೇ ಒಂದು ಪಾಲು ಹೆಸರುಗಳಿಗೆಂದೇ ಮೊದಲೇ ಬಿಟ್ಟುಕೊಳ್ಳಿ.

ಏಳನೆಯದು: ತಿಳಿದವರಿಗೆ ತೋರಿಸಿ

ಶಾಯಿ ಹಾಕುವ ಮೊದಲು, ಪೆನ್ಸಿಲ್ ಹಂತದಲ್ಲೇ ತೋರಿಸಿ. 'ಚೆನ್ನಾಗಿದೆಯಾ' ಅಂತ ಕೇಳಿದರೆ ಚೆನ್ನಾಗಿದೆ ಅಂದುಬಿಡುತ್ತಾರೆ. 'ಇದರಲ್ಲಿ ತಪ್ಪೇನಿದೆ' ಅಂತ ಕೇಳಿ. ಗಿಡವಾದರೆ ಬಾಟನಿ ಮೇಷ್ಟ್ರು, ದೇಹವಾದರೆ ಡಾಕ್ಟರು ಅಥವಾ ನರ್ಸು, ಹುಳುವಾದರೆ ಕೃಷಿ ಅಧಿಕಾರಿ. ಎಐ ಬರೆದುಕೊಡುವ ಚಿತ್ರಗಳನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ನಯವಾಗಿ ಕಾಣುತ್ತವೆ, ಆದರೆ ಇಲ್ಲದ ನಾಳ, ಅರ್ಥವಿಲ್ಲದ ಹೆಸರು ಅದರಲ್ಲಿ ಸೇರಿರುತ್ತವೆ. ಬೆರಳಿಟ್ಟು ಕೇಳಿದರೆ ಉತ್ತರ ಹೇಳಲು ಅಲ್ಲಿ ಯಾರೂ ಇಲ್ಲ.

ಕಪ್ಪು ಗೆರೆಯ ಚಿತ್ರವನ್ನು ಕನಿಷ್ಠ 600 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಬಣ್ಣದ್ದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಟಿಫ್ ಕಡತವಾಗಿ ಇಡಿ. ಕಂಪ್ಯೂಟರಿನಲ್ಲಿ ತಿದ್ದಲು ಕ್ರಿಟಾ, ಇಂಕ್‌ಸ್ಕೇಪ್ ಎರಡೂ ಉಚಿತ. ಕೆಲಸ ಹುಡುಕುವಾಗ ಐವತ್ತು ಚಿತ್ರ ತೋರಿಸುವುದಕ್ಕಿಂತ, ಪೂರ್ತಿ ನಂಬಿಕೆ ಇರುವ ಹತ್ತು ಸಾಕು. ಸಂಶೋಧಕರ ಪ್ರಬಂಧ, ಪಠ್ಯಪುಸ್ತಕ, ರೋಗಿಗಳಿಗೆ ಕೊಡುವ ಕರಪತ್ರ, ರೈತರ ಕೈಪಿಡಿ, ಎಲ್ಲದಕ್ಕೂ ಇಂಥವರು ಬೇಕಾಗಿದ್ದಾರೆ.

ಪ್ರತಿ ಚಿತ್ರದ ಹಿಂದೆ ಪೆನ್ಸಿಲ್ಲಿನಲ್ಲಿ ಊರು, ತಾರೀಖು, ಎಷ್ಟು ಪಟ್ಟು ದೊಡ್ಡದು, ಯಾರು ನೋಡಿ ಸರಿ ಅಂದರು ಎಂದು ಬರೆದಿಡಿ. ವರ್ಷಕ್ಕೊಮ್ಮೆ ಸಿಗುವ ವಸ್ತುಗಳಿಗೆ ಬೇರೆಯೇ ಒಂದು ಪಟ್ಟಿ ಇರಲಿ. ಕಾಫಿ ಹೂವು ಹಾಗೇ ಕೈತಪ್ಪುವಂಥದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿಂದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ಹಾಳೆ, ಲೆನ್ಸ್, ಬ್ಲೇಡು ಹಿಂದಿನ ರಾತ್ರಿಯೇ ಚೀಲದಲ್ಲಿರಲಿ, ಬಿಸಿಲೇರುವ ಮೊದಲು ರೆಂಬೆ ಕತ್ತರಿಸಿ ನೀರಿಗಿಡಿ.